ಹೊಸ ಕಂಪ್ಯೂಟರ್‌ಗಿಂತ ಮೊದಲು ಎರಡನೆಯ ಪ್ರತಿ

ಲ್ಯಾಬ್‌ಗೆ ಹೊಸ ಕಂಪ್ಯೂಟರ್‌ಗಳು ಬೇಕು ಎಂಬ ಬೇಡಿಕೆ ಈ ವರ್ಷವೂ ವಿದ್ಯಾರ್ಥಿ ಸಂಘದ ಮನವಿಯ ಮೊದಲ ಸಾಲಿನಲ್ಲಿದೆ. ಬೇಡಿಕೆ ಸಹಜವೇ. ಪ್ರಾಕ್ಟಿಕಲ್ ಅವಧಿಯ ಮೊದಲ ಹತ್ತು ನಿಮಿಷ ಪರದೆಯ ಮೇಲೆ ತಿರುಗುವ ಚುಕ್ಕೆಗಳನ್ನು ನೋಡುವುದರಲ್ಲೇ ಕಳೆದುಹೋಗುತ್ತದೆ. ಆದರೂ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ವಿದ್ಯಾರ್ಥಿಯಾಗಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಆಡಳಿತ ಮಂಡಳಿಯು ಲ್ಯಾಬ್‌ಗೆಂದು ತೆಗೆದಿಡುವ ಹಣದಲ್ಲಿ ಮೊದಲು ಎರಡು ಕೆಲಸ ಆಗಬೇಕು. ಒಂದು, ಹಳೆಯ ಯಂತ್ರಗಳ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು. ಇನ್ನೊಂದು, ಕಚೇರಿ ಮತ್ತು ಲ್ಯಾಬ್‌ನ ಫೈಲ್‌ಗಳಿಗೆ ಇನ್ನೂ ಎರಡು ಪ್ರತಿಗಳನ್ನು ಮಾಡಿಡುವ ವ್ಯವಸ್ಥೆ. ಹೊಸ ಕಂಪ್ಯೂಟರ್‌ಗಳ ಮಾತು ಅದಾದ ಮೇಲೆ ಬರಲಿ.

ಮೊದಲು ನಿಧಾನದ ವಿಷಯ. ಪೈಥಾನ್ ಪ್ರೋಗ್ರಾಂ ಓಡಿಸಲು, ಎಸ್‌ಕ್ಯೂಎಲ್ ಕ್ವೆರಿ ಬರೆಯಲು ನಮ್ಮ ಲ್ಯಾಬ್‌ನ ಪ್ರೊಸೆಸರ್‌ಗಳು ಧಾರಾಳವಾಗಿ ಸಾಕು. ತಡವಾಗುವುದು ಒಳಗೆ ತಿರುಗುವ ಹಾರ್ಡ್ ಡಿಸ್ಕ್‌ನಿಂದ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಎಂದರೆ ಸೆಕೆಂಡಿಗೆ 120 ಸುತ್ತು; ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ ಒಂದು ಪಥದಿಂದ ಇನ್ನೊಂದಕ್ಕೆ ಸರಿಯಲು ಮತ್ತೆ ಎಂಟೊಂಬತ್ತು ಮಿಲಿಸೆಕೆಂಡ್ ಬೇಕು. ಹೀಗೆ ಲೆಕ್ಕ ಹಾಕಿದರೆ ಬೇರೆ ಬೇರೆ ಕಡೆ ಇರುವ ಚಿಕ್ಕ ಫೈಲ್‌ಗಳನ್ನು ಓದುವಾಗ ಒಂದು ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಕೋರಿಕೆಗಳನ್ನು ಮಾತ್ರ ಪೂರೈಸುತ್ತದೆ. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ಚಿಕ್ಕ ಓದುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಧಾರಣ ಎಸ್‌ಎಸ್‌ಡಿಯೂ ಸೆಕೆಂಡಿಗೆ ಹತ್ತಾರು ಸಾವಿರ ಕೋರಿಕೆಗಳನ್ನು ಪೂರೈಸಬಲ್ಲದು. ಒಂದು ಹೊಸ ಡೆಸ್ಕ್‌ಟಾಪಿಗೆ ಕೊಡುವ ಹಣದಲ್ಲಿ ಹಲವು ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ ಹಾಕಬಹುದು.

ಆದರೆ ಖರೀದಿಸುವ ಮುಂಚೆ ಯಂತ್ರವನ್ನು ತೆರೆದು ನೋಡಬೇಕು. ಹಳೆಯ ಮದರ್‌ಬೋರ್ಡ್‌ಗಳಲ್ಲಿ ಇರುವುದು ಸಾಟಾ ಸಂಪರ್ಕ. ಅದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 600 ಎಂಬಿ. ಅಂಥ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸರಿ. ಸೆಕೆಂಡಿಗೆ 3500 ಎಂಬಿ ಎಂದು ಡಬ್ಬಿಯ ಮೇಲೆ ಬರೆದಿರುವ ಎನ್‌ವಿಎಂಇ ಡ್ರೈವ್ ತಂದರೆ ಅದನ್ನು ಕೂರಿಸಲು ಜಾಗವೇ ಇರುವುದಿಲ್ಲ. ಎಂ.2 ಎಂಬ ಚಿಕ್ಕ ಪಟ್ಟಿಯ ಆಕಾರದಲ್ಲಿ ಸಾಟಾ ಡ್ರೈವ್‌ಗಳೂ ಬರುತ್ತವೆ, ಎನ್‌ವಿಎಂಇ ಡ್ರೈವ್‌ಗಳೂ ಬರುತ್ತವೆ. ನೋಡಲು ಎರಡೂ ಹೆಚ್ಚು ಕಡಿಮೆ ಒಂದೇ. ಅಂಗಡಿಯವರು ಕೊಟ್ಟದ್ದನ್ನು ತಂದು ನಂತರ ಪೇಚಾಡುವ ಬದಲು ಮದರ್‌ಬೋರ್ಡಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗುವುದು ಒಳ್ಳೆಯದು.

ಎಸ್‌ಎಸ್‌ಡಿಗೆ ಬರೆದಷ್ಟೂ ಸವೆತ ಎಂಬ ಹೆದರಿಕೆ ಕೆಲವರಿಗಿದೆ. ಮಾತು ನಿಜ, ಆದರೆ ಲೆಕ್ಕ ಹಾಕಿದರೆ ಹೆದರಿಕೆ ಕಡಿಮೆಯಾಗುತ್ತದೆ. ಉದಾಹರಣೆಗೆ 500 ಜಿಬಿಯ ಸ್ಯಾಮ್‌ಸಂಗ್ 870 ಇವೊ ಡ್ರೈವ್‌ಗೆ ಕಂಪನಿ ಕೊಡುವ ವಾರಂಟಿ 5 ವರ್ಷ ಅಥವಾ 300 ಟಿಬಿ ಬರೆಹ, ಯಾವುದು ಮೊದಲೋ ಅದು. 300 ಟಿಬಿಯನ್ನು 5 ವರ್ಷಗಳ ದಿನಗಳಿಗೆ ಭಾಗಿಸಿದರೆ ದಿನಕ್ಕೆ ಸುಮಾರು 164 ಜಿಬಿ ಬರುತ್ತದೆ. ನಮ್ಮ ಲ್ಯಾಬ್‌ನ ಒಂದು ಕಂಪ್ಯೂಟರ್ ದಿನಕ್ಕೆ ಅದರ ಹತ್ತನೇ ಒಂದು ಭಾಗವನ್ನೂ ಬರೆಯಲಾರದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಹಳೆಯ ಯಂತ್ರಗಳಿಗೆ ವಿಂಡೋಸ್ 11 ಏರುವುದಿಲ್ಲ, ಹಾಗಾಗಿ ಎಸ್‌ಎಸ್‌ಡಿಗೆ ಖರ್ಚು ಮಾಡುವುದು ದಂಡ ಎಂದು ಗೆಳೆಯರೊಬ್ಬರು ವಾದಿಸಿದರು. ಅವರ ಮಾತಿನಲ್ಲಿ ತೂಕವಿದೆ. ಆದರೆ ನಾವು ಕಲಿಯುವ ಪೈಥಾನ್ ಆಗಲಿ, ಮೈಎಸ್‌ಕ್ಯೂಎಲ್ ಆಗಲಿ ಲಿನಕ್ಸ್‌ನಲ್ಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ಪಾಠ ನಡೆಸುತ್ತಿವೆ. ಕೆಲಸ ಮಾಡುವ ಯಂತ್ರವನ್ನು ಗುಜರಿಗೆ ಹಾಕುವುದು ಇಸ್ರಾಫ್, ದುಂದುವೆಚ್ಚ. ಅದನ್ನು ನಮ್ಮ ಧರ್ಮವೂ ಒಪ್ಪುವುದಿಲ್ಲ, ಕಾಲೇಜಿನ ಲೆಕ್ಕಪುಸ್ತಕವೂ ಒಪ್ಪಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಲ್ಯಾಬ್ ನಿಧಾನವಾದರೆ ಹತ್ತು ನಿಮಿಷ ಹೋಗುತ್ತದೆ. ಕಚೇರಿಯ ಡಿಸ್ಕ್ ಕೆಟ್ಟರೆ ಹೋಗುವುದು ಬೇರೆಯೇ. ವಿದ್ಯಾರ್ಥಿವೇತನಕ್ಕೆ ಸ್ಕ್ಯಾನ್ ಮಾಡಿದ ಆದಾಯ ಪ್ರಮಾಣಪತ್ರಗಳು, ಶುಲ್ಕದ ಲೆಕ್ಕ, ಹಾಜರಾತಿ, ಆಂತರಿಕ ಅಂಕಗಳು, ಹತ್ತು ವರ್ಷದ ಹಿಂದೆ ಓದಿ ಹೋದವರ ಟಿಸಿ ಪ್ರತಿಗಳು, ಎಲ್ಲವೂ ಇಂದು ಫೈಲ್‌ಗಳ ರೂಪದಲ್ಲಿವೆ. ಕೂಲಿ ಬಿಟ್ಟು ತಾಲೂಕು ಕಚೇರಿಗೆ ಎರಡು ಮೂರು ಬಾರಿ ಅಲೆದು ಒಂದು ಪ್ರಮಾಣಪತ್ರ ತಂದ ತಂದೆಗೆ, ಡಿಸ್ಕ್ ಹೋಯಿತು, ಇನ್ನೊಮ್ಮೆ ತನ್ನಿ ಎಂದು ಹೇಳುವ ಸ್ಥಿತಿ ಯಾವ ಕಾಲೇಜಿಗೂ ಬರಬಾರದು. ಆ ಕಾಗದಗಳು ನಮ್ಮ ಬಳಿ ಇರುವ ಅಮಾನತ್.

ಡಿಸ್ಕ್ ಕೆಡುವುದು ಅಪರೂಪವಲ್ಲವೇ ಎಂದು ಕೇಳಬಹುದು. ಬ್ಯಾಕ್‌ಬ್ಲೇಝ್ ಎಂಬ ಅಮೆರಿಕದ ಸಂಸ್ಥೆ ತನ್ನ ಡಿಸ್ಕ್‌ಗಳ ಅಂಕಿ ಅಂಶಗಳನ್ನು 2013ರಿಂದ ದಾಖಲಿಸಿ ಎಲ್ಲರಿಗೂ ತೆರೆದಿಟ್ಟಿದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ನೂರರಲ್ಲಿ ಒಂದರಿಂದ ಎರಡು ಡಿಸ್ಕ್ ಕೆಡುತ್ತಿವೆ. ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಈಗ ಗಣಿತದ ಸಂಭವನೀಯತೆಯ ಪಾಠವನ್ನು ನೆನಪಿಸಿಕೊಳ್ಳಿ. ಶೇಕಡಾ 1.5 ಎಂದು ಹಿಡಿದು 40 ಡಿಸ್ಕ್‌ಗಳಿರುವ ಕಾಲೇಜಿಗೆ ಲೆಕ್ಕ ಹಾಕಿದರೆ, ಒಂದು ವರ್ಷದಲ್ಲಿ ಕನಿಷ್ಠ ಒಂದು ಡಿಸ್ಕ್ ಕೆಡುವ ಸಂಭವ ಶೇಕಡಾ 45ರಷ್ಟು. ಅದೂ ತಂಪಾದ, ವಿದ್ಯುತ್ ಕಡಿತವಿಲ್ಲದ ಡೇಟಾ ಸೆಂಟರ್‌ನ ಲೆಕ್ಕ. ಧೂಳು, ಸೆಕೆ, ಪದೇ ಪದೇ ಹೋಗುವ ಕರೆಂಟು ಇರುವ ನಮ್ಮಲ್ಲಿ ಇನ್ನಷ್ಟು ಎಚ್ಚರ ಬೇಕು.

ಕೆಡುವ ಮುಂಚೆ ಸೂಚನೆ ಸಿಗುತ್ತದೆಯೇ? ಕೆಲವೊಮ್ಮೆ ಸಿಗುತ್ತದೆ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ವಿವರವನ್ನು ಸ್ಮಾರ್ಟ್ ಎಂಬ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ಗೂಗಲ್‌ನ ಎಂಜಿನಿಯರ್‌ಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲ ಸ್ಕ್ಯಾನ್ ದೋಷ ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ಉಳಿದವುಗಳಿಗಿಂತ 39 ಪಟ್ಟು ಹೆಚ್ಚು ಎಂದು ಅವರು ಕಂಡುಕೊಂಡರು. ಹಾಗೆಯೇ, ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟಿದ್ದವು. ತಿಂಗಳಿಗೊಮ್ಮೆ ಪರೀಕ್ಷೆ ಮಾಡುವುದು ಬೇಕು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ಒಳ್ಳೆಯ ಕಂಪನಿಯ, ದುಬಾರಿ ಡ್ರೈವ್ ಕೊಂಡರೆ ಸಮಸ್ಯೆ ತಪ್ಪುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್ ಗ್ರಾಹಕರಿಗೆ ಒಂದು ಎಚ್ಚರಿಕೆ ನೀಡಿತು. ಅದರ ಕೆಲವು ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ಒಳಗಿನ ಡೇಟಾ ಮರಳಿ ಸಿಗುವುದಿಲ್ಲ, ಕೂಡಲೇ ಫರ್ಮ್‌ವೇರ್ ಬದಲಿಸಿ ಎಂಬುದು ಅದರ ಸಾರ. 32,768 ಎಂದರೆ ಎರಡರ 15ನೇ ಘಾತ ಎಂಬುದು ಕಂಪ್ಯೂಟರ್ ಸೈನ್ಸ್ ಓದುವವರಿಗೆ ತಕ್ಷಣ ಹೊಳೆಯುತ್ತದೆ. ದಿನಗಳ ಲೆಕ್ಕದಲ್ಲಿ 3 ವರ್ಷ, 270 ದಿನ, 8 ಗಂಟೆ. ಒಂದೇ ದಿನ ಕೊಂಡು ಒಂದೇ ಸರ್ವರ್‌ಗೆ ಹಾಕಿದ ಅಂಥ ನಾಲ್ಕು ಡ್ರೈವ್‌ಗಳು ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಸಾಯುತ್ತಿದ್ದವು. ಮೂಲಕ್ಕೂ ಪ್ರತಿಗೂ ಒಂದೇ ಕಂಪನಿಯ, ಒಂದೇ ಸರಕಿನ ಡ್ರೈವ್ ಬೇಡ ಎಂದು ತಿಳಿದವರು ಹೇಳುವುದು ಇದೇ ಕಾರಣಕ್ಕೆ.

ಡಬ್ಬಿಯ ಮೇಲಿನ ಹೆಸರೂ ಎಲ್ಲವನ್ನೂ ಹೇಳುವುದಿಲ್ಲ. ಕೆಲವು ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚು ಡೇಟಾ ತುಂಬಲು ಪಥಗಳನ್ನು ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಅಂಚು ಬರುವಂತೆ ಬರೆಯುತ್ತಾರೆ. ಇದಕ್ಕೆ ಎಸ್‌ಎಂಆರ್ ಎನ್ನುತ್ತಾರೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎತ್ತಬೇಕಾಗುವಂತೆ, ಇಲ್ಲಿ ಒಂದು ಕಡೆ ತಿದ್ದಲು ಪಕ್ಕದ ಪಥಗಳನ್ನೂ ಮತ್ತೆ ಬರೆಯಬೇಕು. ಸರ್ವರ್‌ಗಳಲ್ಲಿ ಇದು ತೀರಾ ನಿಧಾನ. ಹಲವು ಡಿಸ್ಕ್‌ಗಳ ಸಂಗ್ರಹ ಪೆಟ್ಟಿಗೆಗಳಿಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ರೆಡ್ ಡ್ರೈವ್‌ಗಳ ಕೆಲವು ಮಾದರಿಗಳಲ್ಲಿ ಈ ತಂತ್ರ ಇದೆ ಎಂಬುದು 2020ರಲ್ಲಿ ಬೆಳಕಿಗೆ ಬಂತು. ಅದುವರೆಗೆ ಕೊಂಡವರಿಗೆ ಅದನ್ನು ತಿಳಿಸಿರಲಿಲ್ಲ. ಗಲಾಟೆಯಾದ ಮೇಲೆ ಕಂಪನಿ ಮಾದರಿಗಳ ಪಟ್ಟಿ ಪ್ರಕಟಿಸಿತು; ಪಥಗಳು ಒಂದರ ಮೇಲೊಂದು ಬಾರದ ಡ್ರೈವ್‌ಗಳಿಗೆ ರೆಡ್ ಪ್ಲಸ್ ಎಂದು ಹೆಸರಿಟ್ಟಿತು. ಹೀಗಾಗಿ ಬಳಕೆಗೆ ತಕ್ಕಂತೆ ಕೇಳಿ ಕೊಳ್ಳಬೇಕು. ಹಗಲು ರಾತ್ರಿ ಬರೆಯುತ್ತಲೇ ಇರುವ ಸಿಸಿಟಿವಿ ಪೆಟ್ಟಿಗೆಗೆ ಅದಕ್ಕೆಂದೇ ಮಾಡಿದ ಡಿಸ್ಕ್ ಇರಲಿ. ಹಳೆಯ ಕಂಪ್ಯೂಟರ್‌ನಿಂದ ಬಿಚ್ಚಿದ್ದು ಬೇಡ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಹಾರ್ಡ್ ಡಿಸ್ಕೇ ಮೇಲು. ವಿದ್ಯುತ್ ಇಲ್ಲದೆ ಇಟ್ಟ ಎಸ್‌ಎಸ್‌ಡಿ, ಅದರಲ್ಲೂ ಬಳಸಿ ಸವೆದದ್ದು, ಕಾಲಕ್ರಮೇಣ ತನ್ನಲ್ಲಿರುವುದನ್ನು ಮರೆಯುತ್ತದೆ.

ಸರ್ವರ್‌ನಲ್ಲಿ ರೇಡ್ ಹಾಕಿದರೆ ಸಾಕಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಹಲವು ಅಗ್ಗದ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡುವ ಈ ವಿಧಾನಕ್ಕೆ ಹೆಸರು ಕೊಟ್ಟದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಝ್ ಅವರ 1988ರ ಪ್ರಬಂಧ. ನಾವು ಓದುವ ಎಕ್ಸ್‌ಓಆರ್ ಗೇಟ್‌ನ ಲೆಕ್ಕವೇ ಅದರ ಕೆಲವು ಬಗೆಗಳಿಗೆ ಆಧಾರ. ಒಳ್ಳೆಯ ವಿಧಾನವೇ, ಆದರೆ ಅದು ಬ್ಯಾಕಪ್ ಅಲ್ಲ. ಒಂದು ಫೈಲನ್ನು ಕೈತಪ್ಪಿ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ಆ ಕ್ಷಣವೇ ಅಳಿಸುತ್ತದೆ. ವೈರಸ್ ಬಂದರೆ ಎಲ್ಲದಕ್ಕೂ ಬರುತ್ತದೆ. ಕರಾವಳಿಯ ಏಪ್ರಿಲ್–ಮೇ ತಿಂಗಳ ಸಿಡಿಲು ಪೆಟ್ಟಿಗೆಗೆ ಬಡಿದರೆ ಒಳಗೆ ಎರಡು ಡಿಸ್ಕ್ ಇದ್ದರೇನು, ನಾಲ್ಕಿದ್ದರೇನು?

ದೊಡ್ಡವರಿಗೂ ಈ ಪಾಠ ಕಷ್ಟದಿಂದಲೇ ಬಂದಿದೆ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್‌ನಲ್ಲಿ ಬ್ಯಾಕಪ್ ಮಾಡುವ ಪ್ರೋಗ್ರಾಮಿನ ದೋಷದಿಂದಲೇ 77 ಟಿಬಿಯಷ್ಟು, ಅಂದರೆ ಸುಮಾರು 3.4 ಕೋಟಿ ಫೈಲ್‌ಗಳು ಅಳಿಸಿಹೋದವು. ಹದಿನಾಲ್ಕು ಸಂಶೋಧನಾ ತಂಡಗಳ ಕೆಲಸಕ್ಕೆ ಪೆಟ್ಟು ಬಿತ್ತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದಾಗ ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ 858 ಟಿಬಿ ಸಂಗ್ರಹ ನಾಶವಾಯಿತು. ಅಷ್ಟು ದೊಡ್ಡ ಸಂಗ್ರಹಕ್ಕೆ ಬೇರೆ ಕಡೆ ಪ್ರತಿಯೇ ಇರಲಿಲ್ಲ. ಇನ್ನೊಂದು ಕಡೆ, 1998ರಲ್ಲಿ ಟಾಯ್ ಸ್ಟೋರಿ 2 ಚಿತ್ರ ತಯಾರಾಗುತ್ತಿದ್ದಾಗ ಒಂದು ತಪ್ಪು ಆದೇಶದಿಂದ ಅದರ ಬಹುಪಾಲು ಫೈಲ್‌ಗಳು ಅಳಿಸಿಹೋದವು. ಬ್ಯಾಕಪ್ ನೋಡಿದರೆ ಅದೂ ಸರಿಯಿರಲಿಲ್ಲ. ಚಿತ್ರ ಉಳಿದದ್ದು ಗ್ಯಾಲಿನ್ ಸಸ್ಮನ್ ಎಂಬ ಉದ್ಯೋಗಿಯಿಂದ. ಮಗು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡಲು ಅವರು ಮನೆಯ ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇಟ್ಟುಕೊಂಡಿದ್ದರು. ಕೋಟಿಗಟ್ಟಲೆ ಹಣದ ಸರ್ವರ್‌ಗಳು ಉಳಿಸಲಾಗದ್ದನ್ನು ಬೇರೆ ಕಟ್ಟಡದಲ್ಲಿದ್ದ ಒಂದು ಪ್ರತಿ ಉಳಿಸಿತು.

ಇದಕ್ಕೆ ಸರಳ ಸೂತ್ರವಿದೆ: 3-2-1. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ತಮ್ಮ ಫೋಟೋಗಳನ್ನು ಕಾಪಾಡುವ ಬಗ್ಗೆ ಬರೆಯುತ್ತಾ ಇದನ್ನು ಜನಪ್ರಿಯಗೊಳಿಸಿದರು. ಆದರೆ ಈ ವಿವೇಕ ನಮಗೆ ಹೊಸದಲ್ಲ. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕ ಸಹಾಬಿಗಳು ಹುತಾತ್ಮರಾದಾಗ ಉಮರ್(ರ) ಅವರ ಸಲಹೆಯಂತೆ ಖಲೀಫ ಅಬೂಬಕರ್(ರ) ಅವರು ಝೈದ್ ಬಿನ್ ಸಾಬಿತ್(ರ) ಅವರಿಗೆ ಅದನ್ನು ಬರಹದಲ್ಲಿ ಒಟ್ಟುಗೂಡಿಸಲು ವಹಿಸಿದರು. ನಂತರ ಉಸ್ಮಾನ್(ರ) ಅವರ ಕಾಲದಲ್ಲಿ ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ನಗರಗಳಿಗೆ ಕಳುಹಿಸಲಾಯಿತು. ಎದೆಯಲ್ಲೊಂದು, ಬರಹದಲ್ಲೊಂದು, ದೂರದ ಊರಿನಲ್ಲೊಂದು. ಹಿಫ್ಝ್ ಮಾಡಿದ ಗೆಳೆಯರನ್ನು ಕೇಳಿ ನೋಡಿ: ಕಲಿತದ್ದನ್ನು ಮತ್ತೆ ಮತ್ತೆ ಉಸ್ತಾದರಿಗೆ ಓದಿ ಒಪ್ಪಿಸದಿದ್ದರೆ ಅದು ನಿಲ್ಲುವುದಿಲ್ಲ ಎನ್ನುತ್ತಾರೆ. ಬ್ಯಾಕಪ್‌ಗೂ ಇದೇ ನಿಯಮ. 2017ರ ಜನವರಿಯಲ್ಲಿ ಗಿಟ್‌ಲ್ಯಾಬ್ ಕಂಪನಿಯ ಡೇಟಾಬೇಸ್ ಅಳಿಸಿಹೋದಾಗ ಅವರ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಆರು ಗಂಟೆಗಳಷ್ಟು ಹಳೆಯ ಒಂದು ಪ್ರತಿ ಆಕಸ್ಮಿಕವಾಗಿ ಸಿಕ್ಕಿದ್ದರಿಂದ ಬಚಾವಾದರು. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ.

ಎಲ್ಲವನ್ನೂ ಗೂಗಲ್ ಡ್ರೈವ್‌ಗೆ ಹಾಕಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಬೇರೆ ಜಾಗದ ಪ್ರತಿಯಾಗಿ ಅದು ಒಳ್ಳೆಯದೇ. ಆದರೆ ಉಚಿತವಾಗಿ ಸಿಗುವುದು 15 ಜಿಬಿ. ಕಂಪ್ಯೂಟರ್‌ನೊಂದಿಗೆ ಸಿಂಕ್ ಆಗಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ. ಖಾತೆ ಸಿಬ್ಬಂದಿಯೊಬ್ಬರ ಸ್ವಂತ ಹೆಸರಿನಲ್ಲಿದ್ದರೆ ಅವರು ಕೆಲಸ ಬಿಟ್ಟ ದಿನ ಪಾಸ್‌ವರ್ಡ್ ಕೂಡ ಹೋಗುತ್ತದೆ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಇರುವ ಫೈಲ್‌ಗಳನ್ನು ಎಲ್ಲೆಂದರಲ್ಲಿ ಹಾಕುವುದೂ ಸರಿಯಲ್ಲ.

ಹಾಗಾದರೆ ಆಗಬೇಕಾದದ್ದೇನು? ನನ್ನ ಸಲಹೆಗಳು ಚಿಕ್ಕವು. ಕಚೇರಿಗೆ ಎರಡು ಬೇರೆ ಬೇರೆ ಕಂಪನಿಯ ಹೊರ ಹಾರ್ಡ್ ಡಿಸ್ಕ್ ಕೊಳ್ಳಬೇಕು. ಪ್ರತಿ ಶುಕ್ರವಾರ ಒಂದಕ್ಕೆ ಪ್ರತಿ ಮಾಡಿ, ಕೂಡಲೇ ಕೇಬಲ್ ಕಳಚಿ ಬೀರುವಿನಲ್ಲಿ ಇಡಬೇಕು. ಸದಾ ಸಿಕ್ಕಿಸಿಕೊಂಡಿರುವ ಡಿಸ್ಕ್ ಸಿಡಿಲಿಗೂ ಸಿಗುತ್ತದೆ, 2017ರ ವನ್ನಾಕ್ರೈನಂಥ ಸುಲಿಗೆ ವೈರಸ್‌ಗೂ ಸಿಗುತ್ತದೆ. ಮುಂದಿನ ವಾರ ಇನ್ನೊಂದಕ್ಕೆ. ಒಂದು ಡಿಸ್ಕ್ ಯಾವಾಗಲೂ ಕಾಲೇಜಿನ ಹೊರಗೆ, ಆಡಳಿತ ಮಂಡಳಿಯ ಕಚೇರಿಯಲ್ಲಿ ಇರಲಿ. ಹೊರಗೆ ಹೋಗುವ ಡಿಸ್ಕ್‌ಗೆ ಪಾಸ್‌ವರ್ಡಿನ ಬೀಗ ಇರಲಿ. ಪ್ರತಿ ಪರೀಕ್ಷೆಯ ಹೊತ್ತಿಗೆ ಒಮ್ಮೆ ಪ್ರತಿಯಿಂದ ಹತ್ತು ಫೈಲ್‌ಗಳನ್ನು ತೆರೆದು ನೋಡಿ ರಿಜಿಸ್ಟರ್‌ನಲ್ಲಿ ಸಹಿ ಮಾಡಬೇಕು. ಈ ಕೆಲಸ ಎಲ್ಲರದ್ದಾದರೆ ಯಾರದ್ದೂ ಆಗುವುದಿಲ್ಲ. ಒಬ್ಬರ ಹೆಸರು, ಅವರು ರಜೆಯಲ್ಲಿದ್ದರೆ ಇನ್ನೊಬ್ಬರ ಹೆಸರು ಗೋಡೆಯ ಮೇಲಿರಲಿ. ಡ್ರೈವ್‌ಗಳ ಮೇಲೆ ಕೊಂಡ ದಿನಾಂಕ ಬರೆದಿರಲಿ. ಸರ್ವರ್‌ಗೆ ಯುಪಿಎಸ್ ಬ್ಯಾಟರಿ ಸರಿಯಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ನೋಡಲಿ.

ಲ್ಯಾಬ್‌ನಿಂದ ತೆಗೆದ ಹಳೆಯ ಡಿಸ್ಕ್‌ಗಳ ಬಗ್ಗೆಯೂ ಒಂದು ಮಾತು. ಫಾರ್ಮ್ಯಾಟ್ ಮಾಡಿ ಗುಜರಿಗೆ ಕೊಟ್ಟರೆ ಒಳಗಿನದ್ದು ಹೋಯಿತು ಎಂದುಕೊಳ್ಳಬಾರದು. ಸಾಧಾರಣ ಅಳಿಸುವಿಕೆ ಪುಸ್ತಕದ ಪರಿವಿಡಿಯನ್ನು ಹರಿದಂತೆ. ಪುಟಗಳು ಹಾಗೆಯೇ ಇರುತ್ತವೆ. ಹಾರ್ಡ್ ಡಿಸ್ಕ್ ಆದರೆ ಪೂರ್ತಿ ಮೇಲೆ ಬರೆದು ಅಳಿಸಬೇಕು, ಎಸ್‌ಎಸ್‌ಡಿ ಆದರೆ ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಬಳಸಬೇಕು. ಹೀಗೆ ಅಳಿಸಿದ ಮೇಲೆ ನಾಲ್ಕು ಡಿಸ್ಕ್‌ಗಳನ್ನು ನಮಗೇ ಕೊಡಿ. ರೇಡ್ ಕಟ್ಟಿ, ಒಂದನ್ನು ಕಿತ್ತು, ಮತ್ತೆ ಜೋಡಿಸುವ ಪ್ರಯೋಗವನ್ನು ಲ್ಯಾಬ್‌ನಲ್ಲೇ ಮಾಡೋಣ. ಬಿಸಿಎಗೋ ಎಂಜಿನಿಯರಿಂಗ್‌ಗೋ ಹೋಗುವ ಮುಂಚೆ, ಅಥವಾ ಊರಿನಲ್ಲೇ ಒಂದು ಕಂಪ್ಯೂಟರ್ ಅಂಗಡಿ ಇಡುವ ಮುಂಚೆ, ಕೈಯಾರೆ ಕಲಿಯಬಹುದಾದ ವಿದ್ಯೆ ಇದು.

ಪ್ರವಾದಿ(ಸ) ಅವರು ಒಂಟೆಯನ್ನು ಮೊದಲು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆ ಇಡಲು ಒಬ್ಬ ಬದುವಿಗೆ ತಿಳಿಸಿದ ಪ್ರಸಂಗವನ್ನು ನಾವೆಲ್ಲ ಮದ್ರಸದಲ್ಲಿ ಕೇಳಿ ಬೆಳೆದಿದ್ದೇವೆ. ಕಚೇರಿಯ ಕಂಪ್ಯೂಟರ್‌ನಲ್ಲಿ ಇಂದು ಕಟ್ಟದೇ ಬಿಟ್ಟ ಒಂಟೆಗಳು ಬಹಳ ಇವೆ. ಮುಂದಿನ ಸಭೆಯಲ್ಲಿ ವಿದ್ಯಾರ್ಥಿ ಸಂಘ ತನ್ನ ಮನವಿಯ ಮೊದಲ ಸಾಲನ್ನು ಬದಲಿಸಲಿ ಎಂಬುದು ನನ್ನ ವಿನಂತಿ. ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿಯವರು ಇದನ್ನು ಪರಿಗಣಿಸಿದರೆ, ಇನ್‌ಶಾ ಅಲ್ಲಾಹ್, ಈ ಮಳೆಗಾಲದ ಮೊದಲ ಸಿಡಿಲಿಗೆ ಮುಂಚೆಯೇ ಎರಡನೆಯ ಪ್ರತಿ ಬೀರು ಸೇರಿರುತ್ತದೆ.

– ದ್ವಿತೀಯ ಪಿಯುಸಿ, ಪಿಸಿಎಂಸಿ ವಿಭಾಗ